ಸೀಟಿನ ಕೆಳಗಿನ ಕೆಂಪು ಗೆರೆ

ನನ್ನ ತಂಗಿಯ ಗಂಡ ಡ್ರೀಕ್ ವೈಟ್‌ಫ್ಲೀಟ್, ಧಣಿಗಳ ಮುಂದೆ ಮಂಡಿ ಬಗ್ಗಿಸಿದ್ದು ಒಂದೇ ಸಲ, ಅದೂ ಎರಡು ಬೆರಳಿನಷ್ಟು. ಕಾರ್ಖಾನೆಯಲ್ಲಿ ಸಂಘ ಕಟ್ಟಿ, ಗೇಟಿನ ಮುಂದೆ ಕೂತು, ಪೊಲೀಸರಿಂದ ಒದೆ ತಿಂದ ನಾನು ಧಣಿಗಳ ಬೂಟಿಗೆ ಹಣೆ ಹಚ್ಚಿದವರನ್ನೂ ನೋಡಿದ್ದೇನೆ. ಅವರೆಲ್ಲ ಎದ್ದು, ಮಣ್ಣು ಕೊಡವಿಕೊಂಡು, ಮನೆಗೆ ಹೋಗಿ ಉಂಡು ಮಲಗಿದರು. ಎರಡು ಬೆರಳು ಬಗ್ಗಿದ ಡ್ರೀಕನಿಗೆ ಮಾತ್ರ ಮತ್ತೆ ನೆಟ್ಟಗೆ ನಿಲ್ಲಲು ಆಗಲಿಲ್ಲ.

ನಮ್ಮ ಲೇಮ್‌ಡಾಂಕ್ ಹಾಲೆಂಡಿನ ಬ್ರಾಬಾಂಟ್ ಸೀಮೆಯ ಜೇಡಿಮಣ್ಣಿನ ಊರು. ಹಂದಿ ಸಾಕುವವರು ಹಂದಿ ಸಾಕುತ್ತಿದ್ದರು, ಉಳಿದವರೆಲ್ಲ ಗ್ಲೂಡಾ ಒಲೆ ಕಾರ್ಖಾನೆಗೆ ಹೋಗುತ್ತಿದ್ದೆವು. ಚಳಿಗಾಲದಲ್ಲಿ ಕಲ್ಲಿದ್ದಲು ಹಾಕಿ ಮನೆ ಬೆಚ್ಚಗಿಡುವ ಒಲೆಗಳು, ಮೈತುಂಬ ಹೊಳೆಯುವ ಎನಾಮೆಲ್ ಬಣ್ಣ. ಆ ಹೊಳಪಿನ ಪುಡಿ ನಮ್ಮ ಎದೆಯೊಳಗೆ ಹೋಗಿ ಕೂರುತ್ತಿತ್ತು. ಎನಾಮೆಲ್ ಕೋಣೆಯವರು ಚರ್ಚಿನಲ್ಲಿ ಎಲ್ಲಿ ಕೂತಿದ್ದಾರೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು, ಕೆಮ್ಮು ಹಾಗಿರುತ್ತಿತ್ತು. ಡ್ರೀಕನ ಅಣ್ಣ ಆ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಮೂವತ್ತು ತುಂಬುವ ಮೊದಲೇ ಮುದುಕನಾದ.

ಈ ಕಾರ್ಖಾನೆಗೊಂದು ಸೈಕಲ್ ತಂಡವಿತ್ತು. ಸವಾರರ ಎದೆಯ ಮೇಲೆ ಒಲೆಯ ಹೆಸರು ಬರೆಸಿದರೆ ಹಾಲೆಂಡಿನ ಹೆಂಗಸರೆಲ್ಲ ಅದೇ ಒಲೆ ಬೇಕು ಅನ್ನುತ್ತಾರೆ ಎಂಬುದು ಧಣಿಯ ಲೆಕ್ಕಾಚಾರ, ಅದು ಸುಳ್ಳಾಗಲಿಲ್ಲ. ಗ್ಲೂಡಾ ತಂಡ ಬೆಲ್ಜಿಯಮ್ಮಿನ ಕಲ್ಲುಹಾದಿಗಳಲ್ಲಿ ಗೆದ್ದಿತು, ಫ್ರಾನ್ಸಿನ ಬೆಟ್ಟಗಳಲ್ಲಿ ಗೆದ್ದಿತು. ಗೆದ್ದ ದಿನ ಕಾರ್ಖಾನೆಯ ಸೈರನ್ ಕೂಗಿ ತಲೆಗೊಂದು ಲೋಟ ಜಿನ್ ಕೊಡುತ್ತಿದ್ದರು, ನಾವು ಅದನ್ನು ಕುಡಿದು ಮತ್ತೆ ಪುಡಿಯೊಳಕ್ಕೆ ಹೋಗುತ್ತಿದ್ದೆವು. ಆ ತಂಡದ ಚರಿತ್ರೆ ಹೇಳುವವರು ಇವತ್ತಿಗೂ ಹೇಳುವುದು ಒಬ್ಬನ ಹೆಸರು, ನಾಯಕ ಲೋಡೆ ಬಾಸ್ಟಿಂಗ್ಸ್. ಹಳೆಯ ಫೋಟೋಗಳಲ್ಲಿ ಲೋಡೆ ಹೂಗುಚ್ಛ ಹಿಡಿದು ನಿಂತಿರುತ್ತಾನೆ. ಡ್ರೀಕನನ್ನು ಹುಡುಕಬೇಕಾದರೆ ಬೇರೆ ಫೋಟೋ ನೋಡಬೇಕು. ರಸ್ತೆ ಬದಿಯ ಚರಂಡಿ ಪಕ್ಕ ಗಾಳಿ ಹೋದ ಸೈಕಲ್ ಹಿಡಿದು ಯಾರಾದರೂ ನಿಂತಿದ್ದರೆ ಅವನೇ.

ಆಗೆಲ್ಲ ರಸ್ತೆಗಳು ಕಿರಿದು, ತಂಡದ ಕಾರು ಬಹಳ ಹಿಂದೆ ಉಳಿಯುತ್ತಿತ್ತು. ನಾಯಕನ ಟೈರು ಹೋದರೆ ಪಕ್ಕದ ಸವಾರ ಇಳಿದು ತನ್ನ ಸೈಕಲ್ಲನ್ನೇ ಕೊಡಬೇಕು. ಎಲ್ಲರ ಸೈಕಲ್ಲೂ ಎಲ್ಲರಿಗೂ ಆಗುವುದಿಲ್ಲ. ಸೀಟು ಒಂದಿಷ್ಟು ಮೇಲಾದರೂ ಕೆಳಗಾದರೂ ಕಾಲು ಸೋಲುತ್ತದೆ. ಆದ್ದರಿಂದ ನಾಯಕನದೇ ಕಾಲಿನ ಅಳತೆಯ ಒಬ್ಬನನ್ನು ಹುಡುಕಿ, ಕೊನೆಯವರೆಗೂ ಅವನ ಪಕ್ಕಕ್ಕೆ ಕಟ್ಟಿಹಾಕುವುದು ಪದ್ಧತಿ.

ಆ ಅಳತೆ ನಡೆದದ್ದು ನಮ್ಮ ಕ್ಯಾಂಟೀನಿನಲ್ಲಿ. ತಂಡದ ಮೇಸ್ತ್ರಿ ಗೀಲ್ ರಾಯ್ಮಾಕರ್ಸ್, ಕತ್ತೆ ಸಂತೆಯಲ್ಲಿ ಹಲ್ಲು ನೋಡುವವನ ಹಾಗೆ, ಮರದ ಪಟ್ಟಿ ಹಿಡಿದು ಗೋಡೆಯ ಪಕ್ಕ ನಿಂತಿದ್ದ. ಸೈಕಲ್ ಚೆನ್ನಾಗಿ ತುಳಿಯುವ ಕಾರ್ಖಾನೆಯ ಹುಡುಗರೆಲ್ಲ ಸಾಲು ನಿಂತಿದ್ದರು. ಗೋಡೆಗೆ ಬೆನ್ನು ಕೊಡಬೇಕು, ಮೇಸ್ತ್ರಿ ಆ ಪಟ್ಟಿಯನ್ನು ತೊಡೆ ಸಂದಿಗೆ ಒತ್ತಿ ಗೋಡೆಯ ಗುರುತು ನೋಡುತ್ತಾನೆ. ಡ್ರೀಕನ ಮುಂದಿದ್ದವನಿಗೆ, "ಕಾಲು ಜಾಸ್ತಿ. ಹೋಗು, ಎನಾಮೆಲ್ಲಿಗೆ ಹೋಗು," ಅಂದ. ಆ ಹುಡುಗ ಎಲ್ಲರಿಗಿಂತ ಜೋರಾಗಿ ತುಳಿಯುತ್ತಿದ್ದವನು. ಡ್ರೀಕ್ ಅವನಷ್ಟೇ ಎತ್ತರ. ಆದರೆ ಡ್ರೀಕ್ ಹಾಕಿದ್ದ ಗೋಣಿಯಂಥ ಕೆಲಸದ ಪ್ಯಾಂಟಿನೊಳಗೆ ಮಂಡಿ ಎರಡು ಬೆರಳು ಬಗ್ಗಿದ್ದು ಯಾರಿಗೂ ಕಾಣಲಿಲ್ಲ.

"ಲೋಡೆ ಕಾಲು," ಅಂದ ಗೀಲ್. ಕೆಲಸ ಸಿಕ್ಕಿತು.

ಸೈಕಲ್ ರಿಪೇರಿ ಮಾಡುವ ಯಾನುಸ್ ಅವತ್ತೇ ಅವನ ಸೀಟನ್ನು ಲೋಡೆಯ ಎತ್ತರಕ್ಕೆ ಇಳಿಸಿ, ಸೀಟಿನ ಕೆಳಗಿನ ಪೈಪಿಗೆ ಕಾರ್ಖಾನೆಯ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದ. ಆ ಗೆರೆಯ ಮೇಲೂ ಹೋಗುವಂತಿಲ್ಲ, ಕೆಳಗೂ ಇಳಿಯುವಂತಿಲ್ಲ. ಡ್ರೀಕ್ ಆವತ್ತಿನಿಂದ ಇನ್ನೊಬ್ಬನ ಸೀಟಿನ ಮೇಲೆ ಕೂತು ಇನ್ನೊಬ್ಬನಿಗಾಗಿ ತುಳಿದ. ಮೊದಲ ವರ್ಷ ಮಂಡಿ ಚುಳ್ ಅನ್ನುತ್ತಿತ್ತು. ಆಮೇಲಾಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದ. ಡಾಕ್ಟರಿಗೆ ತೋರಿಸಲು ಹೆದರಿಕೆ. ಡಾಕ್ಟರು ತಂಡದವರು, ಕಾಲು ಅಳೆದರೆ ಗುಟ್ಟು ಹೊರಬೀಳುತ್ತದೆ. ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ನೆಲ್‌ಗೆ. ನೆಲ್ ನನ್ನ ತಂಗಿ, ಅವನ ಪ್ಯಾಂಟುಗಳನ್ನು ಹೊಲಿಯುವವಳು, ಅವಳಿಗೆ ಅವನ ಕಾಲು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು.

ಬಿಟ್ಟು ಬಾ ಎಂದು ಹೇಳುವುದು ಸುಲಭ. ಬಿಟ್ಟರೆ ಅಣ್ಣ ಕೆಮ್ಮಿದ ಕೋಣೆಗೇ ಹೋಗಬೇಕು. ಬೇರೆ ತಂಡ ಕರೆಯುವುದಿಲ್ಲ, ಯಾಕೆಂದರೆ ಅವನು ಏನನ್ನೂ ಗೆದ್ದಿಲ್ಲ. ಗೆದ್ದಿಲ್ಲ ಯಾಕೆಂದರೆ ಗೆಲ್ಲುವುದು ಅವನ ಕೆಲಸವಲ್ಲ. ಲೋಡೆ ಉಚ್ಚೆ ಹೊಯ್ಯಲು ಇಳಿದರೂ ಇವನು ಪಕ್ಕದಲ್ಲಿ ಕಾಲೂರಿ ನಿಂತಿರಬೇಕಿತ್ತು. ಒಮ್ಮೆ ಬೆಲ್ಜಿಯಮ್ಮಿನ ಸ್ಪರ್ಧೆಯೊಂದರಲ್ಲಿ ಕೊನೆಯ ದಿಬ್ಬದ ಮೇಲೆ ಇವನ ಮುಂದೆ ಯಾರೂ ಇರಲಿಲ್ಲ. ಹಿಂದಿನಿಂದ ಲೋಡೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಅದು ಅವರಿಬ್ಬರ ನಡುವಿನ ಕರೆ. ಡ್ರೀಕ್ ನಿಂತ, ಇಳಿದ, ಸೈಕಲ್ ಕೊಟ್ಟ.

ಲೋಡೆ ಕೆಟ್ಟವನಾಗಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಅವನು ಡ್ರೀಕನ ಮಗಳ ನಾಮಕರಣಕ್ಕೆ ಬಂದು ಕುಣಿದ, ಚಳಿಗಾಲದಲ್ಲಿ ಗಾಲಿಯಷ್ಟು ದೊಡ್ಡ ಚೀಸು ಹೊತ್ತು ತಂದ, "ನೆಲ್, ನಿನ್ನ ಗಂಡ ಇಲ್ದಿದ್ರೆ ನಾನು ಸೊನ್ನೆ ಕಣೇ," ಎಂದು ಎಲ್ಲರೆದುರು ಅಂದ. ಅಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ? ಧಣಿಯನ್ನು ಬೈಯ್ಯುವುದಕ್ಕೆ ನನಗೆ ನಾಲಿಗೆ ಇದೆ, ಪ್ರೀತಿಯಿಂದ ಸರಪಳಿ ಹಿಡಿದವನನ್ನು ಬೈಯ್ಯುವ ಮಾತು ಯಾವ ಸಂಘದಲ್ಲೂ ಕಲಿಸುವುದಿಲ್ಲ.

ಒಂದು ಬೇಸಿಗೆ, ದಿನಕ್ಕೊಂದು ಹಂತದಂತೆ ನೆದರ್ಲ್ಯಾಂಡ್ಸ್ ಸುತ್ತುವ ಸ್ಪರ್ಧೆ ನಮ್ಮ ಊರ ಮೇಲೆ ಹಾಯುವುದೆಂದು ಗೊತ್ತಾಯಿತು. ಲೇಮ್‌ಡಾಂಕ್ ದಾಟಿ ಬ್ರೆಡಾದಲ್ಲಿ ಆ ದಿನದ ಮುಕ್ತಾಯ. ಡ್ರೀಕ್ ಅಡುಗೆಮನೆಯಲ್ಲಿ ಕೂತು ಮಂಡಿಗೆ ಬಿಸಿ ಬಟ್ಟೆ ಇಟ್ಟುಕೊಂಡಿದ್ದ. ನೆಲ್ ಆಲೂಗಡ್ಡೆ ಸುಲಿಯುತ್ತಿದ್ದಳು.

"ಭಾವ, ಒಂದು ವಿಷಯ," ಅಂದ. "ಆಂಟ್ವರ್ಪಿನ ಬಿಯರ್ ಕಂಪನಿ ತಂಡದ ಮೇಸ್ತ್ರಿ ಸಿಕ್ಕಿದ್ದ."

"ಏನಂತೆ? ನಿನ್ನ ಕಾಲು ಅವನ ನಾಯಕನಿಗೂ ಆಗುತ್ತಂತಾ?"

"ತಮಾಷೆ ಬೇಡ. 'ಲೋಡೆ ಕಾಲು ನನಗೆ ಬೇಡ, ಡ್ರೀಕನ ಕಾಲು ಇದ್ರೆ ತೋರಿಸು. ಒಂದೇ ಒಂದು ದಿನ ನಿನಗೋಸ್ಕರ ತುಳಿದು ಮೊದಲು ಬಾ, ಅವತ್ತೇ ಕರ್ಕೊಳ್ತೀನಿ' ಅಂದ."

ನೆಲ್ ಚಾಕು ಕೆಳಗಿಟ್ಟಳು. "ಮತ್ತೆ ಇನ್ನೇನು ಕೂತು ನೋಡ್ತಿದೀಯ?"

"ಲೋಡೆ ಪಕ್ಕ ಬಿಟ್ಟು ಹೋಗೋದು ಯಾವಾಗ ಹೇಳು? ಒಂದೇ ದಾರಿ ಇರೋದು. ನಮ್ಮೂರು."

ಸವಾರರ ಗುಂಪಿನಲ್ಲಿ ಒಂದು ಹಳೆಯ ಮರ್ಯಾದೆ ಇದೆ. ಸ್ಪರ್ಧೆ ಯಾರ ಊರಿನ ಮೇಲೆ ಹೋಗುತ್ತದೋ ಅವನನ್ನು ಗುಂಪು ಮುಂದಕ್ಕೆ ಬಿಡುತ್ತದೆ. ಎಲ್ಲರೂ ನಿಧಾನ ಮಾಡುತ್ತಾರೆ. ಅವನು ಮೊದಲು ಊರು ಹೊಕ್ಕು, ಹೆಂಡತಿಗೆ ಮುತ್ತು ಕೊಟ್ಟು, ಒಂದು ಗುಟುಕು ಕುಡಿದು, ಗುಂಪು ಬಂದಾಗ ಮತ್ತೆ ಸೇರಿಕೊಳ್ಳುತ್ತಾನೆ. ಮುಂದೆ ಬಿಟ್ಟರೆಂದು ನಿಲ್ಲದೆ ಓಡಿಹೋದರೆ ಅದಕ್ಕಿಂತ ಹೊಲಸು ಕೆಲಸ ಇಲ್ಲ ಅನ್ನುತ್ತಾರೆ. ಡ್ರೀಕ್ ಮಾಡಬೇಕೆಂದಿದ್ದದ್ದು ಆ ಹೊಲಸು ಕೆಲಸವನ್ನೇ.

"ಜನ ಉಗೀತಾರೆ," ಅಂದ.

"ಉಗೀಲಿ. ಮುಷ್ಕರ ಮಾಡಿದಾಗ ನನಗೆ ಪಾದ್ರಿನೇ ಉಗಿದ, ಒರೆಸಿಕೊಂಡೆ," ಅಂದೆ ನಾನು. "ಇದು ನಿನ್ನೊಬ್ಬನ ಮುಷ್ಕರ ಅಂತ ತಿಳ್ಕೊ."

"ಚರ್ಚಿನ ಹತ್ರ ನಾನು ನಿಂತಿರ್ತೀನಿ," ಅಂದಳು ನೆಲ್. "ನಿಲ್ಲಬೇಡ. ತಿರುಗಿ ಕೂಡ ನೋಡಬೇಡ. ಮುತ್ತು ಸಾಯಂಕಾಲ ತಗೋತೀನಿ."

"ಆ ಸೀಟಿನ ಮೇಲೆ ಬ್ರೆಡಾ ತನಕ ಒಬ್ಬನೇ ಎಳೆಯೋಕೆ ಆಗಲ್ಲ ನೆಲ್. ಮಂಡಿ ಬಿಡಲ್ಲ."

"ಸೀಟು ಎತ್ತು ಹಂಗಾದ್ರೆ. ಸ್ಪ್ಯಾನರ್ ಹಿಡಿಯೋಕೆ ಬರಲ್ವಾ ನಿನಗೆ?"

ಅವನು ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಆ ಗೆರೆ ದಾಟಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ ಅನಿಸುತ್ತದೆ. ಕಾರ್ಖಾನೆಯಲ್ಲೂ ಇದನ್ನು ಕಂಡಿದ್ದೇನೆ. ಬಾಗಿಲಿಗೆ ಚಿಲಕ ಹಾಕದಿದ್ದರೂ ತಳ್ಳಿ ನೋಡದೆ ವರ್ಷಗಟ್ಟಲೆ ಒಳಗೇ ಕೂರುವವರಿದ್ದಾರೆ.

ಊರು ಬಂದಾಗ ಮುಂದೆ ಹೋಗಲು ಅವನು ಪದ್ಧತಿಯಂತೆ ಗೀಲ್ ಮೇಸ್ತ್ರಿಯ ಅಪ್ಪಣೆ ಕೇಳಿದ. "ಲೋಡೆ ಮೊದಲನೆಯವನ ಕಿತ್ತಳೆ ಅಂಗಿ ಹಾಕಿಕೊಂಡು ಒಟ್ಟು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದಾನೆ, ನಿನಗೆ ಹೆಂಡತಿ ಮುತ್ತು ಬೇಕಾ? ಪಕ್ಕ ಬಿಟ್ರೆ ಎನಾಮೆಲ್ ಕೋಣೆ," ಅಂದ ಗೀಲ್. ಆದರೆ ಲೋಡೆ ನಕ್ಕು, "ಹೋಗಿ ಬಾರೋ, ಮೇಸ್ತ್ರಿ ಕಾರು ಹಿಂದಿರುತ್ತೆ, ಅವನಿಗೇನು ಕಾಣುತ್ತೆ," ಅಂದನಂತೆ. ಮೋಸ ಮಾಡಬೇಕಾದವನೇ ಅಪ್ಪಣೆ ಕೊಟ್ಟುಬಿಟ್ಟ. ಆ ದಿನ ಬೆಳಿಗ್ಗೆ ಯಾನುಸ್ ಕಾಫಿಗೆ ಹೋದಾಗ ಡ್ರೀಕ್ ಸೀಟನ್ನು ಕೆಂಪು ಗೆರೆಯಿಂದ ಎರಡು ಬೆರಳು ಮೇಲಕ್ಕೆ ಎಳೆದು ಬಿಗಿ ಮಾಡಿದ.

ನಾನು ರೈಲ್ವೆ ಗೇಟಿನ ಈಚೆ, ಊರು ಶುರುವಾಗುವಲ್ಲಿ ನಿಂತಿದ್ದೆ. ಅಲ್ಲಿಂದ ಚರ್ಚಿನವರೆಗೆ ಉರುಟು ಕಲ್ಲುಹಾಸಿನ ರಸ್ತೆ. ಜನ ಕುರ್ಚಿ ತಂದು ಹಾಕಿಕೊಂಡು ಬಿಯರ್ ಕುಡಿಯುತ್ತಿದ್ದರು. ಚರ್ಚಿನ ಹತ್ತಿರ ಬ್ಯಾಂಡಿನವರು, ಅವರ ಮುಂದೆ ನೆಲ್, ಕೈಯಲ್ಲಿ ಮಾಂಸ ತುಂಬಿದ ಬಿಸಿ ಬನ್ನು. ಓಡುತ್ತಲೇ ಕಸಿದುಕೊಂಡು ಹೋಗಲಿ ಎಂದು ತಂದಿದ್ದಳು.

ಡ್ರೀಕ್ ಒಬ್ಬನೇ ಬಂದ. ಅವನು ಹಾಗೆ ತುಳಿಯುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಾಲು ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು, ಬೆನ್ನು ಚಪ್ಪಟೆಯಾಗಿತ್ತು, ಹಲ್ಲು ಕಾಣುತ್ತಿತ್ತು. ಕೂಗಳತೆಯಷ್ಟು ಹಿಂದೆ ಇಡೀ ಗುಂಪು ಹರಟೆ ಹೊಡೆಯುತ್ತ ನಿಧಾನಕ್ಕೆ ಬರುತ್ತಿತ್ತು. ಗುಂಪು ಗೇಟು ದಾಟಿತೋ ಇಲ್ಲವೋ, ಗಂಟೆ ಬಾರಿಸಿ ಗೇಟು ಬಿತ್ತು. ಕಲ್ಲಿದ್ದಲಿನ ಗೂಡ್ಸು ಬಂತು. ತಂಡಗಳ ಕಾರುಗಳೆಲ್ಲ ಆಚೆ ಕಡೆ ಉಳಿದವು. ನಾನು ಸಂತೋಷದಿಂದ ಟೋಪಿ ಎಸೆದೆ. ಗೀಲ್ ಮೇಸ್ತ್ರಿ ರೈಲಿನ ಹಿಂದೆ ಕೂತು ಹಾರ್ನ್ ಹೊಡೆಯುತ್ತಿದ್ದಾನೆ, ಇಂಥ ಅದೃಷ್ಟ ಮತ್ತೆ ಸಿಗುವುದುಂಟೇ!

ಆಗ ಶಿಳ್ಳೆ ಕೇಳಿಸಿತು.

ಕಲ್ಲುಹಾಸಿನ ಮೊದಲ ಕಲ್ಲಿಗೇ ಲೋಡೆಯ ಹಿಂದಿನ ಟೈರು ಹೋಗಿತ್ತು. ಎರಡು ಬೆರಳು ಬಾಯಲ್ಲಿಟ್ಟು ಇನ್ನೊಮ್ಮೆ ಹೊಡೆದ.

"ತುಳಿಯೋ!" ಎಂದು ಕೂಗಿದೆ. "ನಿಲ್ಲಬೇಡ್ವೋ, ತುಳಿ! ತುಳಿ!"

ಡ್ರೀಕ್ ನನ್ನ ಕಡೆ ತಿರುಗಿದ. ಅವನ ಮುಖ ಇನ್ನೂ ಮುಂದಕ್ಕೆ ಓಡುವವನದೇ ಆಗಿತ್ತು, ಕೈ ಆಗಲೇ ಬ್ರೇಕು ಹಿಡಿದಿತ್ತು. ಸೈಕಲ್ ಕಿರ್ ಎಂದು ನಿಂತಿತು. ಗುಂಪು ಅವನನ್ನು ದಾಟಿ ಹೋಯಿತು. ಲೋಡೆ ಖಾಲಿ ಟೈರಿನ ಮೇಲೆ ಕಟಕಟ ಎಂದು ಬಂದು, ತನ್ನ ಸೈಕಲ್ಲನ್ನು ಅವನ ಕೈಗೆ ದೂಡಿ, ಅವನದನ್ನು ಹತ್ತಿದ. "ದೇವರು ಕಣೋ ನೀನು," ಎಂದು ಹೇಳಿ, ಎತ್ತರದ ಸೀಟಿನ ಮೇಲೆ ಒಮ್ಮೆ ಓಲಾಡಿ, ಗುಂಪಿನ ಹಿಂದೆ ಬಿದ್ದ.

ಡ್ರೀಕ್ ಚರಂಡಿ ಪಕ್ಕ ನಿಂತ. ಫೋಟೋದಲ್ಲಿ ನಿಲ್ಲುವ ಹಾಗೇ ನಿಂತಿದ್ದ. ಗೂಡ್ಸು ಇನ್ನೂ ಹೋಗುತ್ತಲೇ ಇತ್ತು.

"ಯಾಕೋ ನಿಂತೆ?" ಓಡಿ ಹೋಗಿ ಕೇಳಿದೆ.

"ನಾನೆಲ್ಲಿ ನಿಂತೆ ಭಾವ? ಶಿಳ್ಳೆ ಬಂತು."

"ಶಿಳ್ಳೆ ಬಂದ್ರೆ ನಿಲ್ಲೋದಕ್ಕೆ ನೀನೇನು ನಾಯಿನಾ?"

"ಬೈಯಿ, ಬೈಯಿ," ಅಂದ. "ನಾಯಿಗಾದ್ರೆ ಒಂದೊಂದ್ಸಲ ಕೇಳಿಸದ ಹಾಗೆ ಇರೋಕೆ ಬರುತ್ತೆ."

ಅವನು ಲೋಡೆಯ ಸೈಕಲ್ಲಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದ, ಎಮ್ಮೆ ಕೊಳ್ಳುವವನು ಬೆನ್ನು ಒತ್ತಿ ನೋಡುವ ಹಾಗೆ.

"ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು," ಅಂದ. "ಆ ಸೀಟಿನ ಮೇಲೆ ಅವನಿಗೆ ತುಳಿಯೋಕೆ ಆಗಲ್ಲ. ಸೋಲ್ತಾನೆ. ಗೀಲ್ ಸೀಟು ನೋಡ್ತಾನೆ, ಗೆರೆ ನೋಡ್ತಾನೆ. ಇವತ್ತೇ ಒದ್ದು ಓಡಿಸ್ತಾನೆ."

"ಎನಾಮೆಲ್ ಕೋಣೆಗೆ?"

"ಅಲ್ಲಿಗಾದ್ರೂ ಹೋಗ್ತೀನಿ. ಅಲ್ಲಿ ನನ್ನ ಪಾಡಿಗೆ ನಾನು ನೆಟ್ಟಗೆ ನಿಂತು ಕೆಮ್ಮಬಹುದು."

ಗೇಟು ಎದ್ದಿತು. ಕಾರು ಬಂತು, ಯಾನುಸ್ ಹಾರಿ ಇಳಿದು ಗಾಲಿ ಬದಲಿಸಿದ. ಗೀಲ್ ಕಿಟಕಿಯಿಂದ, "ಕೊಟ್ಯಾ? ಭೇಷ್!" ಎಂದು ಕೂಗಿ ಲೋಡೆಯ ಹಿಂದೆ ಕಾರು ಓಡಿಸಿದ. ಡ್ರೀಕ್ ತಗ್ಗಿನ ಸೀಟಿಗೆ ಹತ್ತಿ, ಮಂಡಿ ಎದೆಗೆ ತಾಗಿಸಿಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ತನ್ನ ಊರು ಹೊಕ್ಕ. ಬ್ಯಾಂಡಿನವರು ಆಗಲೇ ತುತ್ತೂರಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಅವನ ನಂಬರಿನ ಸೈಕಲ್ ಮೇಲೆ ಲೋಡೆ ಹೋಗುವುದನ್ನು ಕಂಡು ನೆಲ್‌ಗೆ ಎಲ್ಲ ಅರ್ಥವಾಗಿತ್ತು. ಲೋಡೆ ಅವಳ ಕೈಯಿಂದ ಬನ್ನನ್ನೂ ಕಸಿದುಕೊಂಡು ಹೋಗಿದ್ದನಂತೆ, ತನಗೇ ತಂದದ್ದೆಂದು ತಿಳಿದು. "ಇಳೀಯೋ ಸ್ವಲ್ಪ," ಅಂದಳು ನೆಲ್. "ತಡವಾದ್ರೆ ನಾಳೆ ಸ್ಪರ್ಧೆಗೆ ಬಿಡಲ್ಲ," ಎಂದು ಹೇಳಿ ಅವನು ಮುಂದೆ ಹೋದ. ಒದ್ದು ಓಡಿಸುತ್ತಾರೆಂದು ಕಾಯುತ್ತಿದ್ದವನು ನಾಳೆಯ ಮಾತಾಡಿದ್ದು ಅವನಿಗೇ ಗೊತ್ತಾಗಲಿಲ್ಲವೇನೋ.

ಸಂಜೆ ನಾನೂ ನೆಲ್ಲೂ ಬಸ್ಸು ಹತ್ತಿ ಬ್ರೆಡಾಕ್ಕೆ ಹೋದೆವು. ಕೆಲಸದಿಂದ ತೆಗೆದರೆ ಹಾಕಿಕೊಂಡು ಬರಲು ಅವನಿಗೊಂದು ಅಂಗಿ ಪ್ಯಾಂಟು ತಂದಿದ್ದಳು. ತಂಡ ಇಳಿದಿದ್ದ ಹೋಟೆಲಿನ ಹಿತ್ತಲಲ್ಲಿ ಹಾಡು ಕೇಳಿಸುತ್ತಿತ್ತು. ಲೋಡೆ ಗೆದ್ದಿದ್ದ. ಬರೀ ಗೆದ್ದಿರಲಿಲ್ಲ, ಗುಂಪನ್ನು ಹಿಡಿದು, ದಾಟಿ, ಒಬ್ಬನೇ ಬ್ರೆಡಾಕ್ಕೆ ಬಂದಿದ್ದ. ಆಂಟ್ವರ್ಪಿನ ಮೇಸ್ತ್ರಿ ಅವನ ಕೈ ಕುಲುಕಿ ಹೋಗಿದ್ದನಂತೆ. ಡ್ರೀಕನ ಹೆಸರು ಅವನ ಬಾಯಲ್ಲಿ ಬರಲಿಲ್ಲ.

ಲೋಡೆ ನಮ್ಮನ್ನು ನೋಡಿ ಬಿಯರ್ ಲೋಟದ ಸಮೇತ ಓಡಿ ಬಂದ.

"ನೆಲ್! ನಿನ್ನ ಗಂಡ ಕಳ್ಳ ಕಣೇ! ಮಹಾ ಕಳ್ಳ!"

ನೆಲ್ ಬಟ್ಟೆಯ ಗಂಟನ್ನು ಹಿಂದಕ್ಕೆ ಹಿಡಿದುಕೊಂಡಳು.

"ಸೀಟು ಮೇಲೆತ್ತಿ ಕೂತಿದ್ದಾನೆ! ಹತ್ತಿದಾಗ ಬಿದ್ದೇ ಹೋದೆ ಅಂದ್ಕೊಂಡೆ. ಆಮೇಲೆ ನೋಡು, ಕಾಲು ಹಾರ್ತಾ ಇದೆ! ಇಷ್ಟು ವರ್ಷ ಈ ಗೀಲ್ ನನ್ನನ್ನ ಮಗೂನ ಉಚ್ಚೆ ಡಬ್ಬಿ ಮೇಲೆ ಕೂರಿಸೋ ಹಾಗೆ ಕೂರಿಸಿದ್ದ. ನನ್ನ ಎತ್ತರ ಇದು! ಇವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ!" ಎಂದು ಡ್ರೀಕನ ಹೆಗಲ ಮೇಲೆ ಕೈ ಹಾಕಿದ. "ಇನ್ಮೇಲೆ ನಾವಿಬ್ರೂ ನಿಜವಾಗ್ಲೂ ಒಂದೇ ಕಾಲು."

ಗೀಲ್ ನಗಲಿಲ್ಲ. ಅವನು ಹಳೆಯ ಹುಲಿ, ಡ್ರೀಕನ ಕಾಲನ್ನು ಸೊಂಟದಿಂದ ಹಿಮ್ಮಡಿಯವರೆಗೆ ನೋಡಿದ. ಹತ್ತಿರ ಬಂದು ಮೆಲ್ಲಗೆ ಅಂದ: "ಕ್ಯಾಂಟೀನಿನಲ್ಲಿ ಮಂಡಿ ಬಗ್ಗಿಸಿದ್ದೆ, ಅಲ್ವೇನೋ?"

"ಹೌದು ಮೇಸ್ತ್ರೀ. ತೆಗೀರಿ ಕೆಲಸದಿಂದ. ಬಟ್ಟೆ ತಂದಿದಾಳೆ ನನ್ನ ಹೆಂಡ್ತಿ."

"ತೆಗೆಯೋದಾ?" ಗೀಲ್ ಅವನ ಬೆನ್ನು ತಟ್ಟಿದ. "ಅವತ್ತು ಸುಳ್ಳು ಅಳತೆ ಕೊಟ್ಟಿದ್ದೆ. ಈಗ ಸರಿ ಹೋಯ್ತಲ್ಲ. ಇನ್ನು ನಿನ್ನನ್ನ ಯಾವನಿಗೆ ಬಿಟ್ಟುಕೊಡ್ತೀನಿ?"

ಅಷ್ಟರಲ್ಲಿ ಯಾನುಸ್ ಕೆಂಪು ಎನಾಮೆಲ್ಲಿನ ಡಬ್ಬಿ ತಂದ. ಲೋಡೆಯ ಸೀಟನ್ನೂ ಹೊಸ ಎತ್ತರಕ್ಕೆ ಏರಿಸಿ, ಎರಡೂ ಸೈಕಲ್ಲಿಗೆ ಹೊಸ ಗೆರೆ ಎಳೆಯಬೇಕಿತ್ತು. ಹಿತ್ತಲಲ್ಲಿ ಬೆಳಕು ಕಡಿಮೆಯಾಗುತ್ತಿತ್ತು, ಯಾನುಸ್‌ನ ಕಣ್ಣು ಮಂಜು. "ಯಾರಾದ್ರೂ ಡಬ್ಬಿ ಹಿಡೀರಪ್ಪಾ, ಚೆಲ್ಲುತ್ತೆ," ಅಂದ. ಡಬ್ಬಿ ಹಿಡಿದವನು ಡ್ರೀಕನೇ. ಮೊದಲು ಲೋಡೆಯ ಸೈಕಲ್ಲು, ಆಮೇಲೆ ಅವನದು. ನೆಲ್ ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು, "ಅಣ್ಣ, ಕೊನೇ ಬಸ್ಸು ಹೋಗುತ್ತೆ, ನಡಿ," ಅಂದಳು. ಅವತ್ತಿನ ಮುತ್ತನ್ನು ಅವಳೂ ಕೇಳಲಿಲ್ಲ, ಅವನೂ ಕೊಡಲಿಲ್ಲ.

ಆ ಎತ್ತರದ ಮೇಲೆ ಲೋಡೆ ತನ್ನ ದೊಡ್ಡ ಗೆಲುವುಗಳನ್ನೆಲ್ಲ ಗೆದ್ದ. ಗ್ಲೂಡಾ ತಂಡದ ಹೆಸರು ಯುರೋಪಿನಲ್ಲೆಲ್ಲ ಮೊಳಗಿದ ವರ್ಷಗಳು ಅವು. ತಮಾಷೆಯೆಂದರೆ ಡ್ರೀಕನ ಮಂಡಿ ನೋವು ಒಂದೇ ತಿಂಗಳಲ್ಲಿ ಮಾಯವಾಯಿತು. ಕಾಲು ಉದುರಿ ಹೋಗುವವರೆಗೂ ತುಳಿಯಬಲ್ಲ ಎತ್ತಿನಂತಾದ. ನೋವಿದ್ದಾಗ ಇವತ್ತಲ್ಲ ನಾಳೆ ಬಿಡುತ್ತೇನೆ ಅನ್ನುತ್ತಿದ್ದ, ಈಗ ಆ ಮಾತಿಗೂ ನೆವ ಉಳಿಯಲಿಲ್ಲ. ಲೋಡೆ ನಿವೃತ್ತನಾದ ದಿನವೇ ಇವನನ್ನೂ ಮನೆಗೆ ಕಳಿಸಿದರು, ಆ ಅಳತೆ ಇನ್ನು ಯಾರಿಗೂ ಬೇಕಿರಲಿಲ್ಲ. ಸ್ವಲ್ಪ ದಿನಕ್ಕೆ ಮನೆಮನೆಗೂ ಅನಿಲದ ಕೊಳವೆ ಬಂತು, ಕಲ್ಲಿದ್ದಲ ಒಲೆ ಯಾರಿಗೂ ಬೇಡವಾಯಿತು. ತಂಡ ಮುಚ್ಚಿತು, ಹಿಂದೆಯೇ ಕಾರ್ಖಾನೆ. ನಾವು ಒಳಗೆ ಕೂತು ಬೀಗ ಹಾಕಿಕೊಂಡು ಹೋರಾಡಿದೆವು. ಡ್ರೀಕ್ ಬೇಲಿಯ ಮೇಲಿಂದ ಬಟಾಣಿ ಸಾರಿನ ಪಾತ್ರೆ ದಾಟಿಸುತ್ತಿದ್ದ. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ.

ಈಗ ನನಗೂ ಡ್ರೀಕನಿಗೂ ತಲೆ ಬೆಳ್ಳಗಾಗಿದೆ. ಮೊನ್ನೆ ಅವನ ಶೆಡ್ಡಿಗೆ ಹೋಗಿದ್ದೆ. ಅದೇ ಸೈಕಲ್ಲಿನಲ್ಲಿ ಬ್ರೆಡ್ ತರಲು ಹೋಗುತ್ತಾನೆ. ಬಣ್ಣ ಎಲ್ಲ ಹೋಗಿದೆ. ಸೀಟಿನ ಕೆಳಗಿನ ಕೆಂಪು ಗೆರೆ ಮಾತ್ರ ನೆಟ್ಟಗಿದೆ, ನಮ್ಮ ಎನಾಮೆಲ್ ಅಂಥದ್ದು.

"ಈಗಲಾದ್ರೂ ಆ ಗೆರೆ ಕೆರೆದು ಬಿಸಾಕೋ," ಅಂದೆ. "ಮೇಲೆ ಕೂತ್ಕೊ, ಕೆಳಗೆ ಕೂತ್ಕೊ, ಯಾವನು ಕೇಳ್ತಾನೆ ನಿನ್ನ?"

ಡ್ರೀಕ್ ಚೈನಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಲಿಲ್ಲ.

"ಎಲ್ಲಿಗೆ ಏರಿಸಲಿ ಭಾವ? ಎಲ್ಲಿಗೆ ಇಳಿಸಲಿ? ಅದು ನನ್ನದೇ ಅಳತೆ."